ಸೂಪರ್‌ಮಾರ್ಕೆಟ್‌ನ ಸ್ವಂತ ಬ್ರಾಂಡಿನ ಅಗ್ಗದ ದಿನಸಿ: ಪರೀಕ್ಷಿಸಿ ಕೊಳ್ಳುವ ಕ್ರಮ

ದಿನಸಿಯ ಖರ್ಚು ತಗ್ಗಿಸಲು ಹೊರಟವರು ಮೊದಲು ಕತ್ತರಿ ಹಾಕುವುದು ಕೊಳ್ಳುವ ಪಟ್ಟಿಗೆ. ಆದರೆ ಪಟ್ಟಿಯಲ್ಲಿರುವ ಒಂದು ಪದಾರ್ಥವನ್ನೂ ಕೈಬಿಡದೆ, ಪ್ರಮಾಣವನ್ನೂ ಕಡಿಮೆ ಮಾಡದೆ, ಅದೇ ಸಾಮಾನನ್ನು ಬೇರೊಂದು ಪೊಟ್ಟಣದಲ್ಲಿ ಕೊಂಡು ಹಣ ಉಳಿಸುವ ಅವಕಾಶ ಅದೇ ಮಳಿಗೆಯ ಅದೇ ಸಾಲಿನಲ್ಲಿ, ಹೆಚ್ಚಾಗಿ ಕೆಳಗಿನ ಹಲಗೆಯ ಮೇಲೆ, ಇರುತ್ತದೆ. ಸೂಪರ್‌ಮಾರ್ಕೆಟ್‌ಗಳು ತಮ್ಮದೇ ಹೆಸರಿನಲ್ಲಿ ಮಾರುವ ಅಗ್ಗದ ದಿನಸಿಯ ಬಗ್ಗೆ ಹೇಳುತ್ತಿದ್ದೇನೆ. ಅದನ್ನು ನಂಬಿ ಅಡುಗೆಮನೆಯನ್ನೆಲ್ಲ ಒಮ್ಮೆಲೇ ಬದಲಿಸುವುದೂ ತಪ್ಪು, ಅಗ್ಗವಾದದ್ದು ಕಳಪೆಯೇ ಇರಬೇಕೆಂದು ಮುಟ್ಟದೆ ಬಿಡುವುದೂ ತಪ್ಪು ಎಂಬುದು ಹಲವು ವರ್ಷ ಮನೆಯ ದಿನಸಿಯ ಲೆಕ್ಕ ಬರೆದ ನನ್ನ ಖಚಿತ ಅಭಿಪ್ರಾಯ. ಒಂದೊಂದು ಪದಾರ್ಥವನ್ನೂ ಅದರದೇ ಗುಣದ ಮೇಲೆ, ಪೊಟ್ಟಣವನ್ನು ಕಣ್ಣಿಗೆ ಬೀಳದಂತೆ ಮರೆಮಾಡಿ, ಪರೀಕ್ಷಿಸಿ ತೀರ್ಮಾನಿಸಬೇಕು. ಆ ಪರೀಕ್ಷೆಯನ್ನು ಮನೆಯಲ್ಲೇ ಮಾಡುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಸ್ವಂತ ಬ್ರಾಂಡ್ ಎಂದರೆ ಒಂದೇ ದರ್ಜೆಯ ಸರಕಲ್ಲ ಎಂಬುದನ್ನು ಮೊದಲು ತಿಳಿದಿರಬೇಕು. ದೊಡ್ಡ ಮಳಿಗೆಗಳಲ್ಲಿ ಸಾಮಾನ್ಯವಾಗಿ ಮೂರು ಹಂತಗಳಿರುತ್ತವೆ: ಸರಳ ಪೊಟ್ಟಣದಲ್ಲಿ ಬರುವ ಅತ್ಯಂತ ಅಗ್ಗದ ಹಂತ, ಹೆಸರಾಂತ ಬ್ರಾಂಡುಗಳಿಗೆ ಎದುರಾಗಿ ನಿಲ್ಲಿಸಿದ ಮಧ್ಯಮ ಹಂತ, ಮತ್ತು ಬ್ರಾಂಡುಗಳಿಗಿಂತಲೂ ದುಬಾರಿಯಾಗಬಲ್ಲ ಮೇಲಿನ ಹಂತ. ಮಳಿಗೆಯ ಹೆಸರಿದೆ ಎಂಬ ಮಾತ್ರಕ್ಕೆ ಅಗ್ಗವೆಂದು ಭಾವಿಸಿ ಮೇಲಿನ ಹಂತದ ಪೊಟ್ಟಣವನ್ನು ಬುಟ್ಟಿಗೆ ಹಾಕಿಕೊಂಡು ಬರುವವರು ಕಡಿಮೆಯೇನಿಲ್ಲ. ಸರಳ ಪೊಟ್ಟಣದ ಈ ಅಗ್ಗದ ಹಂತಕ್ಕೆ ತನ್ನದೇ ಇತಿಹಾಸವಿದೆ. 1976ರಲ್ಲಿ ಫ್ರಾನ್ಸಿನ ಕಾರ್‌ಫೂರ್ ಸಂಸ್ಥೆ ಬ್ರಾಂಡಿನ ಹೆಸರೇ ಇಲ್ಲದ 50 ಪದಾರ್ಥಗಳನ್ನು ಮಾರಾಟಕ್ಕಿಟ್ಟಿತು; 1978ರಲ್ಲಿ ಕೆನಡಾದ ಲೋಬ್ಲಾ ಸಂಸ್ಥೆ ಹಳದಿ ಪೊಟ್ಟಣದ ಮೇಲೆ ಕಪ್ಪು ಅಕ್ಷರಗಳಲ್ಲಿ ಪದಾರ್ಥದ ಹೆಸರಷ್ಟನ್ನೇ ಮುದ್ರಿಸಿ ಮಾರತೊಡಗಿತು. ಜಾಹೀರಾತಿಗೆ, ಅಲಂಕಾರದ ಮುದ್ರಣಕ್ಕೆ, ಕಣ್ಣಿನ ಮಟ್ಟದ ಹಲಗೆಯಲ್ಲಿ ಜಾಗ ಗಿಟ್ಟಿಸಲು ತಗಲುವ ವೆಚ್ಚವನ್ನು ಕಳೆದುಬಿಟ್ಟರೆ ಬೆಲೆ ಇಳಿಸಬಹುದು ಎಂಬುದು ಆಗಿನ ಲೆಕ್ಕ, ಈಗಲೂ ಅದೇ ಲೆಕ್ಕ. ಮಳಿಗೆಗಳು ಬಹುಪಾಲು ಈ ಸರಕನ್ನು ತಾವೇ ತಯಾರಿಸುವುದಿಲ್ಲ. ಕಾರ್ಖಾನೆಗಳಿಗೆ ಗುತ್ತಿಗೆ ಕೊಟ್ಟು ಮಾಡಿಸುತ್ತವೆ, ಆ ಕಾರ್ಖಾನೆಗಳಲ್ಲಿ ಕೆಲವು ಹೆಸರಾಂತ ಬ್ರಾಂಡುಗಳಿಗೂ ಸರಕು ಮಾಡಿಕೊಡುತ್ತವೆ. ಆದರೆ ಇದರಿಂದ ಎರಡರ ಒಳಗಿರುವುದೂ ಒಂದೇ ಎಂದು ತೀರ್ಮಾನಿಸಬಾರದು. ಒಂದೇ ಒಲೆಯ ಮೇಲೆ ಎರಡು ಬಗೆಯ ಅಡುಗೆ ಮಾಡುವಂತೆ ಒಂದೇ ಯಂತ್ರದಲ್ಲಿ ಎರಡು ಬಗೆಯ ಪಾಕ ತಯಾರಾಗಬಹುದು.

ಕೆಲಸ ಆರಂಭವಾಗಬೇಕಾದದ್ದು ಮಳಿಗೆಯಲ್ಲಲ್ಲ, ಮನೆಯಲ್ಲಿ. ಒಂದು ತಿಂಗಳ ರಸೀದಿಗಳನ್ನು ಎತ್ತಿಟ್ಟುಕೊಂಡು, ಪ್ರತಿ ಪದಾರ್ಥದ ಎದುರು ಅದನ್ನು ತಿಂಗಳಲ್ಲಿ ಎಷ್ಟು ಬಾರಿ ಕೊಂಡಿರಿ, ಒಟ್ಟು ಎಷ್ಟು ಹಣ ಹೋಯಿತು ಎಂದು ಬರೆದುಕೊಳ್ಳಿ. ವರ್ಷಕ್ಕೊಮ್ಮೆ ಕೊಳ್ಳುವ ಏಲಕ್ಕಿಯಲ್ಲಿ ಅರ್ಧದಷ್ಟು ಉಳಿಸುವುದಕ್ಕಿಂತ ವಾರಕ್ಕೆರಡು ಬಾರಿ ಕೊಳ್ಳುವ ಹಾಲಿನಲ್ಲಿ ಹತ್ತನೇ ಒಂದು ಭಾಗ ಉಳಿಸಿದರೆ ವರ್ಷದ ಕೊನೆಗೆ ಮೊತ್ತ ದೊಡ್ಡದಾಗುತ್ತದೆ. ಒಟ್ಟು ಹಣದ ಲೆಕ್ಕದಲ್ಲಿ ಮೇಲೆ ನಿಲ್ಲುವ ಹತ್ತು ಹನ್ನೆರಡು ಪದಾರ್ಥಗಳಿಗೆ ಗುರುತು ಹಾಕಿ. ಮೊದಲ ಎರಡು ಮೂರು ತಿಂಗಳು ನಿಮ್ಮ ಶ್ರಮವೆಲ್ಲ ಅವುಗಳ ಮೇಲೇ ಇರಲಿ.

ಬದಲಿಸುವಾಗ ಒಮ್ಮೆಗೆ ಒಂದು ಮೆಟ್ಟಿಲು ಮಾತ್ರ ಇಳಿಯಿರಿ. ದುಬಾರಿ ಬ್ರಾಂಡ್ ಬಳಸುತ್ತಿದ್ದರೆ ಸಾಧಾರಣ ಬ್ರಾಂಡಿಗೆ, ಸಾಧಾರಣ ಬ್ರಾಂಡಿನಿಂದ ಮಳಿಗೆಯ ಮಧ್ಯಮ ಹಂತಕ್ಕೆ, ಅಲ್ಲಿಂದ ಅತ್ಯಂತ ಅಗ್ಗದ ಹಂತಕ್ಕೆ. ಪ್ರತಿ ಮೆಟ್ಟಿಲಿನಲ್ಲೂ ವ್ಯತ್ಯಾಸ ತಿಳಿಯದಿದ್ದರೆ ಮುಂದಿನದಕ್ಕೆ ಇಳಿಯಬಹುದು. ತಿಳಿದು, ಅದು ಸಹಿಸಲಾಗದಂತಿದ್ದರೆ ಹಿಂದಿನ ಮೆಟ್ಟಿಲಿಗೆ ಮರಳಿ ಅಲ್ಲೇ ನಿಲ್ಲಬಹುದು. ಮೇಲಿನಿಂದ ನೇರವಾಗಿ ತಳಕ್ಕೆ ಧುಮುಕಿದವರು ಒಂದು ಕೆಟ್ಟ ಅನುಭವಕ್ಕೇ ಬೇಸತ್ತು ಮೊದಲಿನ ಬ್ರಾಂಡಿಗೆ ಹಿಂದಿರುಗುತ್ತಾರೆ, ನಡುವಿನ ಎರಡು ಮೆಟ್ಟಿಲುಗಳಲ್ಲಿ ಸಿಗಬಹುದಾಗಿದ್ದ ಉಳಿತಾಯವನ್ನೂ ಕಳೆದುಕೊಳ್ಳುತ್ತಾರೆ. ನಾನು ಮೊದಲ ಬಾರಿ ಮಾಡಿದ್ದು ಇದೇ ತಪ್ಪು. ಒಂದೇ ವಾರದಲ್ಲಿ ಹಿಟ್ಟು, ಎಣ್ಣೆ, ಚಹಾ, ಬಿಸ್ಕತ್ತು, ಸಾಬೂನು ಎಲ್ಲವನ್ನೂ ಬದಲಿಸಿದಾಗ ಮನೆಯವರಿಗೆ ಚಹಾ ಮಾತ್ರ ಹಿಡಿಸಿರಲಿಲ್ಲ. ಆದರೆ ಆ ಬೇಸರ ಹಿಟ್ಟಿನ ಮೇಲೂ ಎಣ್ಣೆಯ ಮೇಲೂ ಹರಡಿ, ಯಾವುದು ನಿಜವಾಗಿ ಚೆನ್ನಾಗಿಲ್ಲ ಎಂದು ಬಿಡಿಸಿ ನೋಡುವುದೇ ಕಷ್ಟವಾಯಿತು. ವಾರಕ್ಕೆ ಒಂದು ಅಥವಾ ಎರಡು ಪದಾರ್ಥ ಸಾಕು, ಮತ್ತು ಮೊದಲ ಬಾರಿಗೆ ಸಿಗುವ ಅತ್ಯಂತ ಚಿಕ್ಕ ಪೊಟ್ಟಣವೇ ಸಾಕು.

ಯಾವುದರಿಂದ ಆರಂಭಿಸಬೇಕೆಂಬ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟವಾಗಿದೆ: ಒಳಗೆ ಒಂದೇ ಒಂದು ವಸ್ತು ಇರುವ ಪದಾರ್ಥಗಳಿಂದ. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್‌ನ ಪ್ರಕಾರ ಆಹಾರದ ಉಪ್ಪಿನಲ್ಲಿ, ತೇವ ಕಳೆದು, ಶೇಕಡ 97ಕ್ಕೆ ಕಡಿಮೆಯಿಲ್ಲದಷ್ಟು ಸೋಡಿಯಂ ಕ್ಲೋರೈಡ್ ಇರಬೇಕು. ಬೆಣ್ಣೆಯಲ್ಲಿ ಹಾಲಿನ ಕೊಬ್ಬು ಶೇಕಡ 80ಕ್ಕೆ ಕಡಿಮೆ ಇರಬಾರದು, ನೀರು ಶೇಕಡ 16ನ್ನು ಮೀರಬಾರದು. ಬಿಳಿ ಸಕ್ಕರೆ ಬಹುಮಟ್ಟಿಗೆ ಶುದ್ಧ ಸುಕ್ರೋಸ್. ಅಡುಗೆ ಸೋಡ ಯಾರ ಪೊಟ್ಟಣದಲ್ಲಿದ್ದರೂ ಸೋಡಿಯಂ ಬೈಕಾರ್ಬೊನೇಟ್. ಇಂಥ ಪದಾರ್ಥಗಳಲ್ಲಿ ಬ್ರಾಂಡಿನ ಹೆಸರಿಗೆ ಕೊಡುವ ಹೆಚ್ಚಿನ ಹಣಕ್ಕೆ ಪ್ರತಿಯಾಗಿ ಒಲೆಯ ಮೇಲೆ ಸಿಗುವುದು ಏನೂ ಇಲ್ಲವೆಂದರೂ ಸರಿಯೇ. ಇದು ಬರಿಯ ನನ್ನ ನಂಬಿಕೆಯಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ವೃತ್ತಿಯಿಂದ ಅಡುಗೆಯವರಾದವರು ತಮ್ಮ ಮನೆಗೆ ಸಕ್ಕರೆ, ಉಪ್ಪು, ಅಡುಗೆ ಸೋಡದಂಥವನ್ನು ಕೊಳ್ಳುವಾಗ ಇತರರಿಗಿಂತ ಹೆಚ್ಚಾಗಿ ಮಳಿಗೆಯ ಬ್ರಾಂಡನ್ನೇ ಆರಿಸುತ್ತಾರೆ ಎಂದು ಕಂಡುಬಂತು. ತಲೆನೋವಿನ ಮಾತ್ರೆಗಳ ವಿಷಯದಲ್ಲಿ ಔಷಧ ತಜ್ಞರೂ ಹಾಗೆಯೇ ಮಾಡುತ್ತಾರೆ ಎಂದೂ ಕಂಡುಬಂತು. ಪದಾರ್ಥದ ಒಳಹೊರಗನ್ನು ಬಲ್ಲವರು ತಮ್ಮ ಕೈಯಿಂದ ಹಣ ಕೊಡುವಾಗ ಮಾಡುವ ಆಯ್ಕೆಗೆ ನಾನು ಯಾವ ಜಾಹೀರಾತಿಗಿಂತಲೂ ಹೆಚ್ಚಿನ ತೂಕ ಕೊಡುತ್ತೇನೆ.

ಅಕ್ಕಿ ಬೇಳೆಗಳೂ ಒಂದೇ ವಸ್ತುವಿನ ಪದಾರ್ಥಗಳೇ ಆದರೂ ಅಲ್ಲಿ ದರ್ಜೆಯ ಪ್ರಶ್ನೆ ಬರುತ್ತದೆ. ಅಗ್ಗದ ಅಕ್ಕಿಯಲ್ಲಿ ನುಚ್ಚಿನ ಪ್ರಮಾಣ ಹೆಚ್ಚಿರಬಹುದು, ಕಾಳುಗಳ ಗಾತ್ರ ಒಂದೇ ಸಮ ಇಲ್ಲದಿರಬಹುದು, ಹಳೆಯ ದಾಸ್ತಾನಿನ ಬೇಳೆ ಬೇಯಲು ಹೆಚ್ಚು ಹೊತ್ತು ತೆಗೆದುಕೊಳ್ಳಬಹುದು. ಒಂದು ಹಿಡಿಯಷ್ಟನ್ನು ಬಿಳಿ ತಟ್ಟೆಯ ಮೇಲೆ ಹರಡಿ ನೋಡಿದರೆ ನುಚ್ಚು, ಹೊಟ್ಟು, ಕಲ್ಲು ಎಲ್ಲವೂ ಅಲ್ಲೇ ಕಾಣುತ್ತವೆ. ಗಂಜಿಗೋ ರುಬ್ಬುವುದಕ್ಕೋ ಬಳಸುವುದಾದರೆ ನುಚ್ಚಿದ್ದರೂ ತೊಂದರೆಯಿಲ್ಲ. ಬಿಡಿಬಿಡಿಯಾಗಿ ಉದುರಬೇಕಾದ ಅನ್ನಕ್ಕಾದರೆ ಮಧ್ಯಮ ಹಂತವೇ ಲೇಸು. ಒಂದೇ ಪದಾರ್ಥದ ಎರಡು ದರ್ಜೆಗಳನ್ನು ಎರಡು ಡಬ್ಬಿಗಳಲ್ಲಿಟ್ಟು ಎರಡು ಕೆಲಸಕ್ಕೆ ಬಳಸುವುದು ಜಿಪುಣತನವಲ್ಲ, ಅದು ಅಚ್ಚುಕಟ್ಟಾದ ಅಡುಗೆ.

ಹಲವು ವಸ್ತುಗಳನ್ನು ಬೆರೆಸಿ ಮಾಡಿದ ಪದಾರ್ಥಗಳಿಗೆ ಬಂದಾಗ ನಿಧಾನಿಸಬೇಕು, ಏಕೆಂದರೆ ಬೆಲೆ ಇಳಿಸುವ ಕೆಲಸ ಇಲ್ಲಿ ಪೊಟ್ಟಣದ ಹೊರಗೆ ಮಾತ್ರವಲ್ಲದೆ ಒಳಗೂ ನಡೆದಿರಬಹುದು. ಪೊಟ್ಟಣದ ಹಿಂಬದಿಯ ಪಟ್ಟಿಯಲ್ಲಿ ಒಳವಸ್ತುಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆದಿರುತ್ತಾರೆ. ಹೆಚ್ಚು ಇರುವುದು ಮೊದಲು, ಕಡಿಮೆ ಇರುವುದು ಕೊನೆಗೆ. ಎರಡು ಪೊಟ್ಟಣಗಳನ್ನು ಅಕ್ಕಪಕ್ಕ ಹಿಡಿದು ಮೊದಲ ಮೂರು ಹೆಸರುಗಳನ್ನು ಹೋಲಿಸಿದರೆ ವಿಷಯದ ಮುಕ್ಕಾಲು ಪಾಲು ತಿಳಿಯುತ್ತದೆ. ಹಣ್ಣಿನ ಜಾಮಿನಲ್ಲಿ ಹಣ್ಣಿಗಿಂತ ಮೊದಲು ಸಕ್ಕರೆಯ ಹೆಸರು ಬಂದಿದೆಯೇ, ಚಾಕೊಲೇಟಿನಲ್ಲಿ ಕೋಕೋ ಬೆಣ್ಣೆಯ ಜಾಗವನ್ನು ಬೇರೆ ಸಸ್ಯಜನ್ಯ ಕೊಬ್ಬು ಆಕ್ರಮಿಸಿದೆಯೇ, ಟೊಮೇಟೊ ಸಾಸಿನಲ್ಲಿ ನೀರು ಮತ್ತು ಪಿಷ್ಟ ಎಷ್ಟು ಮುಂದಿವೆ ಎಂದು ನೋಡಿ. ಹಣ್ಣಿನ ರಸಕ್ಕೂ ಹಣ್ಣಿನ ಪಾನೀಯಕ್ಕೂ ಇರುವ ವ್ಯತ್ಯಾಸ ಪೊಟ್ಟಣದ ಮುಂಬದಿಯ ಹಣ್ಣಿನ ಚಿತ್ರದಲ್ಲಿ ಕಾಣುವುದಿಲ್ಲ, ಹಿಂಬದಿಯ ಪಟ್ಟಿಯಲ್ಲಿ ಕಾಣುತ್ತದೆ. ಪೌಷ್ಟಿಕಾಂಶದ ಕೋಷ್ಟಕದಲ್ಲಿ ಒಂದು ಬಾರಿಯ ಬಳಕೆಯ ಲೆಕ್ಕವನ್ನು ಬಿಟ್ಟು 100 ಗ್ರಾಮಿನ ಲೆಕ್ಕವನ್ನೇ ಹೋಲಿಸಬೇಕು, ಏಕೆಂದರೆ ಒಂದು ಬಾರಿಗೆ ಎಷ್ಟು ಎಂಬುದನ್ನು ಒಬ್ಬೊಬ್ಬ ತಯಾರಕರು ಒಂದೊಂದು ಬಗೆಯಾಗಿ ನಿಗದಿ ಮಾಡಿರುತ್ತಾರೆ. ಉಪ್ಪು ಮತ್ತು ಸಕ್ಕರೆಯ ಅಂಕಿಗಳನ್ನು ವಿಶೇಷವಾಗಿ ಗಮನಿಸಿ. ರುಚಿಯ ಕೊರತೆಯನ್ನು ತುಂಬುವ ಅಗ್ಗದ ಉಪಾಯ ಅವೆರಡೇ. ಆದರೆ ಅಗ್ಗದ್ದರಲ್ಲೇ ಅವು ಹೆಚ್ಚಿರುತ್ತವೆ ಎಂಬ ನಿಯಮವೇನೂ ಇಲ್ಲ, ಹೆಸರಾಂತ ಬ್ರಾಂಡಿನಲ್ಲೇ ಹೆಚ್ಚು ಉಪ್ಪಿರುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ.

ಡಬ್ಬಿಯಲ್ಲಿ ನೀರಿನ ಜೊತೆ ತುಂಬಿದ ಕಾಳು ತರಕಾರಿಗಳಿಗೆ ಎರಡು ತೂಕಗಳನ್ನು ಬರೆದಿರುತ್ತಾರೆ: ಒಟ್ಟು ತೂಕ, ನೀರು ಬಸಿದ ಮೇಲಿನ ತೂಕ. ನೀವು ತಿನ್ನುವುದು ಎರಡನೆಯದನ್ನು, ಆದ್ದರಿಂದ ಹೋಲಿಕೆಯೂ ಅದರ ಮೇಲೇ ನಡೆಯಬೇಕು. ಹೆಪ್ಪುಗಟ್ಟಿಸಿದ ಸೀಗಡಿ ಮೀನುಗಳ ಮೇಲೆ ಮಂಜುಗಡ್ಡೆಯ ಪದರವಿರುತ್ತದೆ. ಅದನ್ನು ಕಳೆದ ತೂಕವೆಷ್ಟು ಎಂದು ನೋಡದಿದ್ದರೆ ಮೀನಿನ ಬೆಲೆಗೆ ನೀರನ್ನು ಕೊಂಡಂತಾಗುತ್ತದೆ.

ಬೆಲೆಯ ಹೋಲಿಕೆಯನ್ನು ಯಾವಾಗಲೂ ಕಿಲೋಗೆ, ಲೀಟರಿಗೆ ಅಥವಾ 100 ಗ್ರಾಮಿಗೆ ಇಳಿಸಿಯೇ ಮಾಡಬೇಕು. ಹಲವು ದೇಶಗಳಲ್ಲಿ ಹಲಗೆಯ ಚೀಟಿಯ ಮೇಲೆ ಇದನ್ನು ಸಣ್ಣ ಅಕ್ಷರಗಳಲ್ಲಿ ಬರೆದಿರುತ್ತಾರೆ. ಇಲ್ಲದಿದ್ದರೆ ಫೋನಿನ ಕ್ಯಾಲ್ಕುಲೇಟರಿನಲ್ಲಿ ಬೆಲೆಯನ್ನು ತೂಕದಿಂದ ಭಾಗಿಸಿದರಾಯಿತು. ದೊಡ್ಡ ಪೊಟ್ಟಣ ಯಾವಾಗಲೂ ಲಾಭವೆಂಬ ನಂಬಿಕೆ ಈ ಲೆಕ್ಕದ ಮುಂದೆ ಎಷ್ಟೋ ಸಲ ನಿಲ್ಲುವುದಿಲ್ಲ, ಬ್ರಾಂಡಿನ ರಿಯಾಯಿತಿ ನಡೆಯುತ್ತಿರುವ ವಾರದಲ್ಲಿ ಮಳಿಗೆಯ ಸ್ವಂತ ಪೊಟ್ಟಣವೇ ದುಬಾರಿಯಾಗಿರುವುದೂ ಉಂಟು.

ಇನ್ನು ರುಚಿಯ ಪರೀಕ್ಷೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದು ನಾಲಿಗೆಗೂ ಅನ್ವಯಿಸುತ್ತದೆ, ಏಕೆಂದರೆ ಪೊಟ್ಟಣವನ್ನು ನೋಡಿದ ಕಣ್ಣು ನಾಲಿಗೆಗೆ ಮೊದಲೇ ತೀರ್ಪು ಹೇಳಿಕೊಟ್ಟಿರುತ್ತದೆ. ಇದನ್ನು ತಪ್ಪಿಸಲು ಆಹಾರ ಪ್ರಯೋಗಾಲಯಗಳಲ್ಲಿ ಬಳಸುವ ತ್ರಿಕೋನ ಪರೀಕ್ಷೆ ಎಂಬ ಸರಳ ವಿಧಾನವನ್ನು ಮನೆಯಲ್ಲೂ ಮಾಡಬಹುದು. ಒಂದೇ ಬಗೆಯ ಮೂರು ಬಟ್ಟಲುಗಳನ್ನು ತೆಗೆದುಕೊಂಡು ಎರಡರಲ್ಲಿ ಒಂದು ಬ್ರಾಂಡಿನ ಪದಾರ್ಥವನ್ನು, ಮೂರನೆಯದರಲ್ಲಿ ಇನ್ನೊಂದನ್ನು ಹಾಕಿ, ತಳಕ್ಕೆ ಗುರುತು ಅಂಟಿಸಿ. ಬಡಿಸುವವರು ಒಬ್ಬರು, ಸವಿಯುವವರು ಬೇರೆಯವರು. ಮೂರರಲ್ಲಿ ಬೇರೆಯಾಗಿರುವುದು ಯಾವುದು ಎಂದಷ್ಟೇ ಕೇಳಿ. ಯಾವುದು ಚೆನ್ನಾಗಿದೆ ಎಂಬ ಪ್ರಶ್ನೆ ಆಮೇಲೆ. ಬರಿಯ ಊಹೆಯಿಂದ ಸರಿಯಾಗಿ ಹೇಳುವ ಸಂಭವ ಮೂರರಲ್ಲಿ ಒಂದು. ಒಬ್ಬರೇ ಮೂರು ಬಾರಿ ಬೇರೆ ಬೇರೆಯಾಗಿ ಸವಿದು ಮೂರು ಬಾರಿಯೂ ಸರಿಯಾಗಿ ಹೇಳಿದರೆ, ಅದು ಊಹೆಯಿಂದಾಗಿರುವ ಸಂಭವ 27ರಲ್ಲಿ 1 ಮಾತ್ರ, ಅಂದರೆ ವ್ಯತ್ಯಾಸ ನಿಜವಾಗಿಯೂ ಇರಬಹುದು. ಐದು ಮಂದಿಯಲ್ಲಿ ನಾಲ್ವರು ಅಥವಾ ಐವರೂ ಕೇವಲ ಊಹೆಯಿಂದ ಸರಿಯಾಗಿ ಹೇಳುವ ಸಂಭವ ಶೇಕಡ 5ಕ್ಕಿಂತ ಕಡಿಮೆ. ಒಬ್ಬಿಬ್ಬರು ಮಾತ್ರ ಸರಿಯಾಗಿ ಹೇಳಿದರೆ, ಆ ವ್ಯತ್ಯಾಸಕ್ಕೆ ತಿಂಗಳು ತಿಂಗಳೂ ಹಣ ತೆರಬೇಕಾದ ಕಾರಣ ನನಗೆ ಕಾಣುವುದಿಲ್ಲ. ಬಣ್ಣದಿಂದಲೇ ಗುರುತು ಸಿಗುವಂತಿದ್ದರೆ ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳಬೇಕು, ಬಟ್ಟಲುಗಳ ಬಿಸಿ ಒಂದೇ ಸಮ ಇರಬೇಕು, ನಡುನಡುವೆ ನೀರು ಕುಡಿದು ಬಾಯಿ ಶುಚಿ ಮಾಡಿಕೊಳ್ಳಬೇಕು. ಮಕ್ಕಳಿರುವ ಮನೆಯಲ್ಲಿ ಈ ಪರೀಕ್ಷೆಗೆ ಇನ್ನೊಂದು ಲಾಭವಿದೆ: ಹೊಸ ಬಿಸ್ಕತ್ತನ್ನು ಹಳೆಯ ಡಬ್ಬಿಯಲ್ಲಿ ಬಚ್ಚಿಟ್ಟು ಮೋಸ ಮಾಡುವ ಅಗತ್ಯ ಬೀಳುವುದಿಲ್ಲ, ಅವರೇ ಸವಿದು ತೀರ್ಪು ಕೊಟ್ಟದ್ದನ್ನು ಅವರೇ ಒಪ್ಪಿಕೊಳ್ಳುತ್ತಾರೆ.

ಪರೀಕ್ಷೆ ನಡೆಯಬೇಕಾದದ್ದು ಪದಾರ್ಥವನ್ನು ನೀವು ಬಳಸುವ ರೂಪದಲ್ಲಿ ಎಂಬುದನ್ನು ಮರೆಯಬೇಡಿ. ಡಬ್ಬಿಯ ಟೊಮೇಟೊವನ್ನು ಚಮಚದಿಂದ ಎತ್ತಿ ತಿಂದರೆ ಎರಡರ ಅಂತರ ಚೆನ್ನಾಗಿ ತಿಳಿಯುತ್ತದೆ. ಈರುಳ್ಳಿ, ಮಸಾಲೆ, ಎಣ್ಣೆಯೊಡನೆ ಅರ್ಧ ಗಂಟೆ ಕುದಿಸಿದ ಮೇಲೆ ಆ ಅಂತರ ಬಹುಮಟ್ಟಿಗೆ ಕರಗಿಹೋಗುತ್ತದೆ. ಬೇಯಿಸುವ ಪದಾರ್ಥಗಳಲ್ಲಿ ಅಗ್ಗದ ಹಂತ ಗೆಲ್ಲುವುದು, ಹಾಗೆಯೇ ತಿನ್ನುವ ಪದಾರ್ಥಗಳಲ್ಲಿ ಅದು ಸೋಲುವುದು ನನ್ನ ಮನೆಯಲ್ಲಿ ಮತ್ತೆ ಮತ್ತೆ ಕಂಡುಬಂದ ಸಂಗತಿ. ಚಹಾ, ಕಾಫಿ, ಚಾಕೊಲೇಟು, ಚೀಸ್ ಇವು ಸುಲಭವಾಗಿ ಸೋಲುವ ಗುಂಪು. ಹಿಟ್ಟು, ಹೆಪ್ಪುಗಟ್ಟಿಸಿದ ಬಟಾಣಿ, ಡಬ್ಬಿಯ ಕಾಳು, ವಿನೆಗರ್, ಓಟ್ಸ್ ಸುಲಭವಾಗಿ ಗೆಲ್ಲುವ ಗುಂಪು. ಮಸಾಲೆ ಪುಡಿಗಳನ್ನು ರುಚಿಗಿಂತ ಮೊದಲು ಮೂಗಿನಿಂದ ಪರೀಕ್ಷಿಸಿ. ಪರಿಮಳ ಕಡಿಮೆಯಿದ್ದರೆ ಎರಡು ಪಟ್ಟು ಹಾಕಬೇಕಾಗಿ ಬಂದು ಅಗ್ಗವೇ ದುಬಾರಿಯಾಗುತ್ತದೆ.

ತಟ್ಟೆಯಲ್ಲಿ ಉಳಿದು ಕಸಕ್ಕೆ ಹೋದದ್ದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಹೆಚ್ಚಿನವರು ಎಡವುವುದು ಇಲ್ಲಿ. ಬ್ರಾಂಡಿನ ಬೆಲೆ 100 ಎಂದೂ ಅಗ್ಗದ್ದರ ಬೆಲೆ 60 ಎಂದೂ ಇಟ್ಟುಕೊಳ್ಳೋಣ. ಮನೆಯವರಿಗೆ ಹಿಡಿಸದೆ ಅಗ್ಗದ್ದರಲ್ಲಿ ಕಾಲು ಭಾಗ ಎಸೆದರೆ ತಿಂದ ಭಾಗದ ನಿಜವಾದ ಬೆಲೆ 80 ಆಗುತ್ತದೆ. ನೂರಕ್ಕೆ ನಲವತ್ತು ಭಾಗ ಎಸೆದರೆ ಬ್ರಾಂಡಿನಷ್ಟೇ ಬೆಲೆ ತೆತ್ತಂತಾಯಿತು, ಊಟದ ಸಂತೋಷವೂ ಹೋಯಿತು. ಪಾತ್ರೆ ತೊಳೆಯುವ ದ್ರವ, ಬಟ್ಟೆಯ ಪುಡಿಗಳಲ್ಲೂ ಇದೇ ತತ್ವ ಕೆಲಸ ಮಾಡುತ್ತದೆ. ಅವುಗಳ ಬೆಲೆಯನ್ನು ಲೀಟರಿಗೆ ಹೋಲಿಸುವುದಕ್ಕಿಂತ ಒಂದು ಬಾಟಲಿ ಎಷ್ಟು ದಿನ ಬಂತು ಎಂದು ಹೋಲಿಸಬೇಕು, ಏಕೆಂದರೆ ತೆಳುವಾದ ದ್ರವವನ್ನು ಕೈ ತನಗೇ ತಿಳಿಯದಂತೆ ಹೆಚ್ಚು ಸುರಿಯುತ್ತದೆ. ಬಾಟಲಿ ತೆರೆದ ದಿನಾಂಕವನ್ನು ಅದರ ಮೇಲೇ ಪೆನ್ನಿನಿಂದ ಬರೆದಿಟ್ಟರೆ ಸಾಕು.

ಕೆಲವು ಕಡೆ ಉಳಿತಾಯದ ಮಾತು ಎರಡನೆಯದಾಗಬೇಕು. ಮನೆಯಲ್ಲಿ ಯಾರಿಗಾದರೂ ಕಡಲೆಕಾಯಿ, ಹಾಲು, ಗೋಧಿ, ಮೊಟ್ಟೆಯಂಥವುಗಳ ಅಲರ್ಜಿ ಇದ್ದರೆ, ಬ್ರಾಂಡ್ ಬದಲಿಸಿದಾಗ ಮಾತ್ರವಲ್ಲ, ಅದೇ ಸ್ವಂತ ಬ್ರಾಂಡಿನ ಪೊಟ್ಟಣವನ್ನು ಪ್ರತಿ ಸಲ ಕೊಳ್ಳುವಾಗಲೂ ಹಿಂಬದಿಯನ್ನು ಓದಬೇಕು. ಮಳಿಗೆ ಗುತ್ತಿಗೆಯನ್ನು ಒಂದು ಕಾರ್ಖಾನೆಯಿಂದ ಇನ್ನೊಂದಕ್ಕೆ ವರ್ಗಾಯಿಸಿದರೂ ಹೊರಗಿನ ಮುದ್ರಣ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ, ಒಳವಸ್ತು ಬದಲಾಗಿರಬಹುದು. ಹಸುಗೂಸಿನ ಹಾಲಿನ ಪುಡಿಯನ್ನು ಬದಲಿಸುವ ಮೊದಲು ವೈದ್ಯರನ್ನು ಕೇಳಿ. ವೈದ್ಯರ ಸೂಚನೆಯಂತೆ ಉಪ್ಪನ್ನೋ ಸಕ್ಕರೆಯನ್ನೋ ಮಿತಿಯಲ್ಲಿಟ್ಟವರು ರುಚಿಯ ಪರೀಕ್ಷೆಗಿಂತ ಮೊದಲು ಕೋಷ್ಟಕದ ಪರೀಕ್ಷೆ ಮಾಡಬೇಕು, ಅಲ್ಲಿ ಸೋತದ್ದನ್ನು ಮನೆಗೇ ತರಬಾರದು. ಮತ್ತೆ, ವಾರವೆಲ್ಲ ದುಡಿದವರು ಬೆಳಿಗ್ಗೆ ಕುಡಿಯುವ ಒಂದು ಲೋಟ ಕಾಫಿ ಅವರ ಮೆಚ್ಚಿನ ಬ್ರಾಂಡಿನದೇ ಆಗಿರಬೇಕೆಂದರೆ ಅದನ್ನು ಹಾಗೆಯೇ ಬಿಡಿ; ಉಳಿದ ಹನ್ನೊಂದು ಪದಾರ್ಥಗಳಲ್ಲಿ ಉಳಿಸಿದ ಹಣದಲ್ಲಿ ಅದಕ್ಕೂ ಪಾಲಿದೆ.

ಫಲಿತಾಂಶಗಳನ್ನು ಅಡುಗೆಮನೆಯ ಕಪಾಟಿನ ಒಳಬದಿಗೆ ಅಂಟಿಸಿದ ಒಂದು ಹಾಳೆಯಲ್ಲಿ ಬರೆಯುತ್ತ ಹೋಗಿ: ಪದಾರ್ಥ, ಹಿಂದಿನ ಬ್ರಾಂಡ್, ಇಳಿದ ಮೆಟ್ಟಿಲು, ಮನೆಯವರ ತೀರ್ಪು, ಕಿಲೋದ ಬೆಲೆಯ ವ್ಯತ್ಯಾಸ. ತಿಂಗಳಿಗೆ ಎಷ್ಟು ಕೊಳ್ಳುತ್ತೀರೋ ಅದರಿಂದ ಈ ವ್ಯತ್ಯಾಸವನ್ನು ಗುಣಿಸಿ, ಗೆದ್ದ ಪದಾರ್ಥಗಳ ಮೊತ್ತವನ್ನೆಲ್ಲ ಕೂಡಿಸಿದರೆ ತಿಂಗಳ ಉಳಿತಾಯ ಸಿಗುತ್ತದೆ. ಆ ಮೊತ್ತವನ್ನು ಅದೇ ದಿನ ಬೇರೆ ಖಾತೆಗೆ ಹಾಕದಿದ್ದರೆ ಅದು ಬುಟ್ಟಿಯ ಬೇರೆ ಸಾಮಾನಿನಲ್ಲಿ ಸೇರಿಹೋಗುತ್ತದೆ. ಆರು ತಿಂಗಳಿಗೊಮ್ಮೆ ಹಾಳೆಯನ್ನು ಕೈಗೆತ್ತಿಕೊಂಡು ಮೇಲಿನ ಹನ್ನೆರಡರ ಬೆಲೆ, ತೂಕ, ಒಳವಸ್ತುಗಳ ಪಟ್ಟಿ ಮೂರನ್ನೂ ಹೊಸ ಪೊಟ್ಟಣದೊಡನೆ ತಾಳೆ ನೋಡಿ. ಬೆಲೆ ಹಾಗೆಯೇ ಇದ್ದು ತೂಕ ಇಳಿದಿದ್ದರೆ, ಅಥವಾ ಮೊದಲ ಮೂರು ಹೆಸರುಗಳ ಕ್ರಮ ಬದಲಾಗಿದ್ದರೆ, ಆ ಪದಾರ್ಥದ ಎದುರಿನ ಹಳೆಯ ತೀರ್ಪನ್ನು ಹೊಡೆದುಹಾಕಿ ಮೂರು ಬಟ್ಟಲುಗಳನ್ನು ಮತ್ತೆ ತೆಗೆಯಿರಿ.